ಜಾಹೇದಾ ತೂಗಿ ನೋಡಿ ಕೊಂಡ ಷೇರು

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಈರುಳ್ಳಿ ಮಂಡಿಗಳ ಸಾಲು ಮುಗಿಯುವಲ್ಲಿ ಒಂದು ಸಣ್ಣ ಅಂಗಡಿ ಇದೆ. ಬೋರ್ಡಿನ ಮೇಲೆ ‘ಮುಬಶೀರ್ ಸ್ಕೇಲ್ ವರ್ಕ್ಸ್’ ಎಂದು ಬರೆದಿದೆ. ಮುಬಶೀರ್ ತೀರಿಕೊಂಡು ಹನ್ನೆರಡು ವರ್ಷ ದಾಟಿತು. ಅಂಗಡಿ ನಡೆಸುತ್ತಿರುವವಳು ಅವನ ಹೆಂಡತಿ ಜಾಹೇದಾ. ಮಂಡಿಯಲ್ಲೋ ಕಿರಾಣಿ ಅಂಗಡಿಯಲ್ಲೋ ಹಿಟ್ಟಿನ ಗಿರಣಿಯಲ್ಲೋ ತೂಕದ ಮಿಷನ್ನು ಕೆಟ್ಟರೆ, ತರೀಕೆರೆ ಕಡೆಯವರಾಗಲಿ ಕಡೂರು ಕಡೆಯವರಾಗಲಿ, ಅದನ್ನು ಮೂಟೆ ಕಟ್ಟಿಕೊಂಡು ಅವಳ ಹತ್ತಿರವೇ ಬರುತ್ತಾರೆ.

ಮುಬಶೀರ್ ಕಬ್ಬಿಣದ ತಕ್ಕಡಿಗಳ ಕಾಲದವನು. ಎಲೆಕ್ಟ್ರಾನಿಕ್ ಮಿಷನ್ನುಗಳು ಬಂದಾಗ ಅವನ ಕಣ್ಣು ಮಂಜಾಗತೊಡಗಿತ್ತು, ಸಣ್ಣ ತಂತಿಗಳಿಗೆ ಬೆಸುಗೆ ಹಾಕುವುದು ಅವನಿಂದ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಜಾಹೇದಾ ಹಾಕಿಕೊಡುತ್ತಿದ್ದಳು. ಆಮೇಲೆ ಬಿಚ್ಚುವುದೂ ಅವಳೇ, ದೋಷ ಹುಡುಕುವುದೂ ಅವಳೇ. ಗಿರಾಕಿಯ ಜೊತೆ ಮಾತಾಡುವುದಷ್ಟೇ ಅವನ ಪಾಲಿಗೆ ಉಳಿಯಿತು. ಅವನು ಹೋದ ಮೇಲೆ, ಗಂಡ ತೀರಿದವಳು ಮನೆಯಲ್ಲೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅಂಗಡಿ ಮುಚ್ಚಿತ್ತು. ಇನ್ನು ತೆಗೆಯುವುದಿಲ್ಲವೆಂದೇ ಮಂಡಿಯವರು ತಿಳಿದಿದ್ದರು. ಜಾಹೇದಾ ಬಾಗಿಲು ತೆಗೆದ ದಿನ ಈರುಳ್ಳಿ ವ್ಯಾಪಾರಿ ಪಂಚಾಕ್ಷರಪ್ಪ ಒಂದು ಕೆಟ್ಟ ಮಿಷನ್ನು ತಂದಿಟ್ಟು, ಕೆಲಸ ಮುಗಿಯುವವರೆಗೂ ಕೈಕಟ್ಟಿ ನಿಂತಿದ್ದ. ಹೆಣ್ಣುಮಗಳ ಕೈಯಲ್ಲಿ ಇದಾಗುತ್ತದೋ ಇಲ್ಲವೋ ಎಂಬ ಅನುಮಾನ ಅವನ ಮುಖದಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ಮಿಷನ್ನು ಸರಿಯಾಯಿತು. ಅವನು ಕೂಲಿ ಕೊಟ್ಟು ಹೋದ. ಮಾರನೆಯ ದಿನ ಇನ್ನೆರಡು ಮಿಷನ್ನು ಕಳಿಸಿದ. ಮುಂದಿನ ವರ್ಷ ರಿಪೇರಿಯ ಲೈಸೆನ್ಸು ಜಾಹೇದಾಳ ಹೆಸರಿಗೇ ಬಂತು.

ಈ ಮಿಷನ್ನುಗಳ ಜೀವ ಇರುವುದು ಲೋಡ್ ಸೆಲ್ ಎಂಬ ಒಂದು ಗೇಣುದ್ದದ ಅಲ್ಯೂಮಿನಿಯಂ ತುಂಡಿನಲ್ಲಿ. ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನು ಅಳೆದೇ ತೂಕದ ಅಂಕಿ ಮೂಡುವುದು. ಲೋಡ್ ಸೆಲ್ ಹೋದರೆ ಮಿಷನ್ನು ಹೋದ ಹಾಗೆಯೇ. ಅಂಗಡಿಗೆ ಬರುವ ಹತ್ತರಲ್ಲಿ ಆರು ಮಿಷನ್ನುಗಳ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಹೊಸೂರಿನ ಹತ್ತಿರದ ‘ಸಮತುಲ್ ಸೆನ್ಸರ್ಸ್’ ಎಂಬ ಕಂಪನಿಯ ತುಂಡು. ಸತ್ತುಹೋದ ತುಂಡುಗಳನ್ನು ಜಾಹೇದಾ ಎಸೆಯುತ್ತಿರಲಿಲ್ಲ. ಯಾವುದು ಹೇಗೆ ಸತ್ತಿತು ಎಂದು ತಿಳಿದಿರಬೇಕು ಎಂಬುದು ಅವಳ ಹಟ. ಬಿಸ್ಕತ್ತಿನ ಎರಡು ತಗಡಿನ ಡಬ್ಬಿಗಳಲ್ಲಿ ಅವನ್ನೆಲ್ಲ ತುಂಬಿಟ್ಟಿದ್ದಳು.

ಆ ಕಂಪನಿಯ ಷೇರು ಮಾರುಕಟ್ಟೆಯಲ್ಲಿ ಸಿಗುತ್ತದೆ ಎಂದು ಹೇಳಿದವಳು ತಮ್ಮನ ಮಗಳು ಫಿಜಾ. ಬಿಕಾಂ ಓದಿ ತರೀಕೆರೆಯ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಜಾಹೇದಾ ಮೊದಲು ಒಪ್ಪಲಿಲ್ಲ. ಬಡ್ಡಿಯ ದುಡ್ಡನ್ನು ಅವಳ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ಬಂದ ಬಡ್ಡಿಯನ್ನೂ ಅವಳು ತೆಗೆದು ಯಾರಾದರೂ ಬಡವರಿಗೆ ಕೊಟ್ಟುಬಿಡುತ್ತಿದ್ದಳು.

“ಇದು ಬಡ್ಡಿ ಅಲ್ಲ ಫುಪ್ಪು,” ಎಂದಳು ಫಿಜಾ. “ಷೇರು ಅಂದ್ರೆ ಪಾಲು. ಕಂಪ್ನಿಗೆ ಲಾಭ ಬಂದ್ರೆ ನಿಮ್ಗೂ ಲಾಭ, ಲಾಸ್ ಆದ್ರೆ ನಿಮ್ಗೂ ಲಾಸು.”

“ಪಾಲಾದ್ರೆ ಸರಿ,” ಎಂದಳು ಜಾಹೇದಾ. ಮಸೀದಿಯ ಮೌಲಾನಾರ ಹತ್ತಿರವೂ ಒಂದು ಮಾತು ಕೇಳಿಸಿದಳು. ಆಮೇಲೆ ಫಿಜಾಳ ಮೊಬೈಲಿನಲ್ಲಿ ಜಾಹೇದಾಳ ಹೆಸರಿಗೆ ಖಾತೆ ತೆರೆದು, ಮುನ್ನೂರ ಎಂಬತ್ತು ರೂಪಾಯಿಯಂತೆ ಇಪ್ಪತ್ತೈದು ಷೇರು ಕೊಂಡರು. ಆವತ್ತಿನಿಂದ ಅಂಗಡಿಯಲ್ಲಿ ಸಮತುಲ್‌ನ ತುಂಡು ಕೈಗೆ ಬಂದಾಗಲೆಲ್ಲ ಜಾಹೇದಾ ಅದನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡುತ್ತಿದ್ದಳು.

ಷೇರು ನೆಲಕಚ್ಚಿದ್ದು ಎರಡು ಸಾವಿರದ ಇಪ್ಪತ್ತೆರಡರ ಮಳೆಗಾಲದಲ್ಲಿ. ಎಲ್ಲೋ ದೂರದ ಊರಿನಲ್ಲಿ ಯಾರೋ ಒಬ್ಬ ತೂಕದ ಮಿಷನ್ನೊಂದನ್ನು ಬಿಚ್ಚಿ, ಸಮತುಲ್‌ನ ತುಂಡು ತೋರಿಸಿ, “ಇದು ಸುಳ್ಳು ತೂಕ ತೋರಿಸ್ತದೆ, ಜನರಿಗೆ ಮೋಸ” ಎಂದು ವಿಡಿಯೋ ಮಾಡಿ ಬಿಟ್ಟಿದ್ದ. ಅದು ಲಕ್ಷಾಂತರ ಜನರಿಗೆ ತಲುಪಿತು. ಎರಡು ದೊಡ್ಡ ಗಿರಾಕಿಗಳು ಆರ್ಡರು ನಿಲ್ಲಿಸಿದರು ಎಂಬ ಸುದ್ದಿ ಬಂತು. ನಾನೂರರ ಹತ್ತಿರವಿದ್ದ ಷೇರು ಮೂರು ವಾರದಲ್ಲಿ ನೂರೈವತ್ತಕ್ಕೆ ಇಳಿಯಿತು. ಕೆಲವು ದಿನವಂತೂ ಮಾರುವವರು ಸಾಲುಗಟ್ಟಿ ನಿಂತಿದ್ದರೂ ಕೊಳ್ಳುವವರು ಒಬ್ಬರೂ ಇರಲಿಲ್ಲ.

ಒಂದು ಬೆಳಿಗ್ಗೆ ಪಂಚಾಕ್ಷರಪ್ಪ ಅಂಗಡಿಯ ಮುಂದೆ ಬಂದು ನಿಂತ. ಯಾರದೋ ಮಾತು ಕೇಳಿ ಅವನೂ ಆ ಷೇರು ಕೊಂಡಿದ್ದ, ಅದೂ ಎರಡು ಸಾವಿರ.

“ನಿಮ್ ಕಂಪ್ನಿ ಮುಳುಗ್ತು ಕಣಮ್ಮ ಜಾಹೇದಮ್ಮ. ನಾನಂತೂ ನಿನ್ನೆ ಎಲ್ಲಾ ಮಾರಿ ಕೈತೊಳ್ಕೊಂಡೆ. ನೀವೂ ಮಾರ್ಬಿಡಿ, ನಾಳೆಗೆ ಇದೂ ಸಿಗಾಕಿಲ್ಲ.”

“ಯಾಕೆ ಮಾರಿದ್ರಿ ಸಾವ್ಕಾರ್ರೇ?”

“ಇನ್ಯಾಕೆ? ಸುಳ್ಳು ತೂಕ ಅಂತಲ್ಲ.”

ಜಾಹೇದಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. “ನಿಮ್ ಮಂಡೀಲಿರೋ ನಾಲ್ಕು ಮಿಷನ್ನಲ್ಲೂ ಅದೇ ತುಂಡು ಇರೋದು. ಇವತ್ತು ಬೆಳಿಗ್ಗೆಯಿಂದ ಎಷ್ಟು ಮೂಟೆ ತೂಗಿದ್ರಿ ಅದ್ರ ಮೇಲೆ?”

“ಅದು ಬೇರೆ ವಿಷ್ಯ ಬಿಡಮ್ಮ,” ಎಂದು ಪಂಚಾಕ್ಷರಪ್ಪ ಹೊರಟುಹೋದ.

ಅವನೇನೋ ಹೋದ. ಆದರೆ ಆ ಪ್ರಶ್ನೆ ಜಾಹೇದಾಳನ್ನೇ ಹಿಡಿದುಕೊಂಡಿತು. ಇಪ್ಪತ್ತೈದು ಷೇರಿನ ದುಡ್ಡು ಹೋದರೆ ಹೋಗಲಿ. ಈ ತುಂಡುಗಳನ್ನು ನಂಬಿ ಅವಳು ಎಷ್ಟೋ ಜನಕ್ಕೆ ‘ಇನ್ನು ಹೆದರಬೇಡಿ, ತೂಕ ಸರಿ ಇದೆ’ ಎಂದು ಹೇಳಿ ಕಳಿಸಿದ್ದಾಳೆ. ಅದು ಸುಳ್ಳಾಗಿದ್ದರೆ ಅವಳ ಮಾತೂ ಸುಳ್ಳೇ. ಮಧ್ಯಾಹ್ನ ಎರಡೂ ಡಬ್ಬಿಗಳನ್ನು ಚಾಪೆಯ ಮೇಲೆ ಸುರಿದಳು. ಸತ್ತ ತುಂಡುಗಳು ಒಟ್ಟು ಎಪ್ಪತ್ತಮೂರು ಇದ್ದವು. ಅದರಲ್ಲಿ ಸಮತುಲ್‌ನದ್ದು ಒಂಬತ್ತೇ. ಏಳು ಭಾರ ತಡೆಯದೆ ಬಾಗಿದ್ದವು. ಐವತ್ತು ಕೆಜಿಯ ಮಿಷನ್ನಿನ ಮೇಲೆ ಯಾರೋ ನೂರು ಕೆಜಿಯ ಮೂಟೆ ಕುಕ್ಕಿದ್ದರು. ಎರಡರ ತಂತಿಯನ್ನು ಇಲಿ ಕಡಿದಿತ್ತು. ತಾನಾಗಿ ಕೆಟ್ಟದ್ದು ಒಂದೂ ಇರಲಿಲ್ಲ.

ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಡಬ್ಬಿಯಲ್ಲಿರುವುದು ಸತ್ತವು, ಬದುಕಿ ಕೆಲಸ ಮಾಡುತ್ತಿರುವವು ಸುಳ್ಳು ಹೇಳುತ್ತಿದ್ದರೆ? ಮಾರನೆಯ ದಿನ ಸರ್ಕಾರದ ಮುದ್ರೆ ಬಿದ್ದ ಹತ್ತು ಕೆಜಿಯ ಒಂದು, ಐದು ಕೆಜಿಯ ಎರಡು ತೂಕದ ಬೊಟ್ಟುಗಳನ್ನು ಗೋಣಿಚೀಲಕ್ಕೆ ಹಾಕಿ, ಅಂಗಡಿಗೆ ಬೀಗ ಜಡಿದು ಹೊರಟಳು. ಮೊದಲು ಮಂಡಿಗಳು. ಆಮೇಲೆ ಬಸ್ಸು ಹತ್ತಿ ಬೀರೂರು, ಅಲ್ಲಿಂದ ಕಡೂರಿನ ಕೊಬ್ಬರಿ ಅಂಗಡಿಗಳು, ದೇವನೂರಿನ ಹಿಟ್ಟಿನ ಗಿರಣಿ. ಮೂರನೆಯ ದಿನ ತರೀಕೆರೆ. ಇಪ್ಪತ್ತು ಕೆಜಿಯ ಚೀಲವನ್ನು ಕಂಡಕ್ಟರು ಎತ್ತಿ ನೋಡಿ, “ಏನಮ್ಮಾ ಇದ್ರಲ್ಲಿ, ಕಲ್ಲು ತುಂಬ್ಕೊಂಡು ಬಂದಿದೀರಾ?” ಎಂದು ಲಗೇಜು ಟಿಕೆಟ್ಟು ಹರಿದ. ಐದಾರು ವರ್ಷದ ಹಿಂದೆ ತಾನೇ ರಿಪೇರಿ ಮಾಡಿದ ಮಿಷನ್ನುಗಳ ಮುಂದೆ ಅವಳು ಕುಕ್ಕರಗಾಲಲ್ಲಿ ಕೂತು, ತಟ್ಟೆಯ ನಾಲ್ಕು ಮೂಲೆಗಳಿಗೂ ಬೊಟ್ಟು ಇಟ್ಟು ನೋಡಿದಳು. ಹದಿನೆಂಟು ಮಿಷನ್ನು ನೋಡಿದಳು. ಹದಿನೆಂಟೂ ಸರಿಯಾಗಿದ್ದವು.

ಹತ್ತೊಂಬತ್ತನೆಯದು ಅಮೃತಾಪುರದಲ್ಲಿ ಸಿಕ್ಕಿತು. ದೇವಸ್ಥಾನ ನೋಡಲು ಬರುವವರಿಗೆ ಬಾಳೆಹಣ್ಣು ಬಿಸ್ಕತ್ತು, ಊರಿನವರಿಗೆ ಬೇಳೆ ಸಕ್ಕರೆ ಮಾರುವ ಸುಲೋಚನಮ್ಮನ ಅಂಗಡಿ ಅದು. ಹತ್ತು ಕೆಜಿಯ ಬೊಟ್ಟು ಇಟ್ಟರೆ ಒಂಬತ್ತು ಕೆಜಿ ಎಂಟುನೂರ ಎಂಬತ್ತು ಗ್ರಾಂ ತೋರಿಸಿತು. ತೆಗೆದು ಮತ್ತೆ ಇಟ್ಟರೂ ಅಷ್ಟೇ.

“ನೀವು ಜನಕ್ಕೆ ಜಾಸ್ತಿ ಹಾಕ್ತಾ ಇದೀರ ಸುಲೋಚನಮ್ಮ. ಹತ್ತು ಕೆಜಿಗೆ ನೂರಿಪ್ಪತ್ತು ಗ್ರಾಂ.”

“ಅದಕ್ಕೇ ಕಣ್ರೀ, ಒಂದ್ ಮೂಟೆ ಸಕ್ಕರೆ ಮಾರುದ್ರೆ ಅರ್ಧ ಕೆಜಿ ಮೇಲೆ ಲೆಕ್ಕಕ್ಕೇ ಸಿಗ್ತಿರ್ಲಿಲ್ಲ,” ಎಂದಳು ಸುಲೋಚನಮ್ಮ. “ನಾನು ಇರುವೆ ತಿಂತವೆ ಅನ್ಕೊಂಡಿದ್ದೆ.”

ಜಾಹೇದಾ ಮಿಷನ್ನು ಬಿಚ್ಚಿದಳು. ಒಳಗೆ ಸಮತುಲ್‌ನ ಸ್ಟಿಕರೇ ಅಂಟಿತ್ತು. ಅದನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಕೆರೆದಳು. ಅಸಲಿ ತುಂಡಿನಲ್ಲಿ ನಂಬರನ್ನು ಲೋಹಕ್ಕೇ ಕೊರೆದಿರುತ್ತಾರೆ. ಇದರಲ್ಲಿ ಸ್ಟಿಕರಿನ ಮೇಲೆ ಮಸಿಯಲ್ಲಿ ಅಚ್ಚಾಗಿತ್ತು. ಅಸಲಿಯ ಮೇಲಿನ ಬಿಳಿ ಅಂಟು ಮೇಣದಂತೆ ಮೆತ್ತಗಿರುತ್ತದೆ. ಇದು ಸುಣ್ಣದಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

“ಈ ಮಿಷನ್ನ ಎಲ್ಲಿ ತಗೊಂಡ್ರಿ?”

“ಒಬ್ಬ ವ್ಯಾನಲ್ಲಿ ಬಂದಿದ್ದ. ಅರ್ಧ ರೇಟಿಗೆ ಕೊಟ್ಟ.”

ಜಾಹೇದಾ ಆ ನಕಲಿ ತುಂಡನ್ನು ತೆಗೆದು, ರಿಪೇರಿಗೆಂದು ಚೀಲದಲ್ಲಿ ತಂದಿದ್ದ ಅಸಲಿ ತುಂಡೊಂದನ್ನು ಹಾಕಿ, ಬೊಟ್ಟು ಇಟ್ಟು ತೂಕ ಸರಿಮಾಡಿ, ಹಳೆಯದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತರೀಕೆರೆಯ ಬಸ್ಸು ಹಿಡಿದಳು.

ಫಿಜಾ ಊಟದ ಬಿಡುವಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಜಾಹೇದಾ ಉಸಿರು ತಿರುಗಿಸಿಕೊಳ್ಳದೆಯೇ, “ಆ ವಿಡಿಯೋ ಹಾಕು,” ಎಂದಳು. ಆ ಮನುಷ್ಯ ತುಂಡನ್ನು ಕ್ಯಾಮೆರಾದ ಹತ್ತಿರ ಹಿಡಿದಾಗ, “ನಿಲ್ಸು ಅಲ್ಲೇ,” ಎಂದಳು. ಫಿಜಾ ಚಿತ್ರವನ್ನು ದೊಡ್ಡದು ಮಾಡಿದಳು. ಮಸಿಯಲ್ಲಿ ಅಚ್ಚಾದ ನಂಬರು. ಬಿರುಕು ಬಿಟ್ಟ ಬಿಳಿ ಅಂಟು. ಜಾಹೇದಾ ಸೆರಗಿನ ಗಂಟು ಬಿಚ್ಚಿ, ಅಮೃತಾಪುರದ ತುಂಡನ್ನು ಮೊಬೈಲಿನ ಪಕ್ಕದಲ್ಲಿಟ್ಟಳು. ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು.

“ಕಂಪ್ನಿದಲ್ಲ ಇದು. ಕಂಪ್ನಿ ಹೆಸ್ರಲ್ಲಿ ಯಾರೋ ಕಳ್ಳರು ಮಾಡ್ತಿರೋದು,” ಎಂದಳು. “ಈಗ ಹೇಳು, ನನ್ ದುಡ್ಡಿಗೆ ನೂರೈವತ್ತರಂಗೆ ಎಷ್ಟು ಷೇರು ಬರ್ತದೆ?”

ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ರಸ್ತೆ ಅಗಲ ಮಾಡುವಾಗ ಜಾಹೇದಾಳ ಅಂಗಡಿಯ ಮುಂಭಾಗ ಆರು ಅಡಿ ಹೋಗಿತ್ತು. ಅದರ ಪರಿಹಾರವೆಂದು ಎರಡು ಲಕ್ಷ ನಲವತ್ತು ಸಾವಿರ ಬಂದಿತ್ತು. ಅದು ಬಿಟ್ಟರೆ ಅವಳ ಕೈಯಲ್ಲಿ ದೊಡ್ಡ ಗಂಟು ಇರಲಿಲ್ಲ. ಫಿಜಾಳಿಗೆ ಅದು ಗೊತ್ತಿತ್ತು.

“ಮುಳುಗೋ ದೋಣಿಗೆ ಯಾರಾದ್ರೂ ಹತ್ತುತಾರಾ ಫುಪ್ಪು?”

“ತೂತಾಗಿದ್ಯೋ ಇಲ್ವೋ ಅಂತ ನೋಡಿ ಬಂದಿದೀನಲ್ಲ. ಮಾಲು ಎಂಥದ್ದು ಅಂತ ನಂಗೊತ್ತು. ಕಂಪ್ನಿ ನಡ್ಸೋರು ಎಂಥೋರು ಅಂತ ಗೊತ್ತಿಲ್ಲ. ಅದನ್ನ ನೀನು ನೋಡು. ಅದಕ್ಕೇ ತಾನೇ ಓದಿರೋದು.”

ಫಿಜಾ ಒಂದು ದಿನದ ಸಮಯ ಕೇಳಿದಳು. ಕಂಪನಿಯ ಮೂರು ವರ್ಷದ ವರದಿ ತೆಗೆದು ಕೂತು ಓದಿದಳು. ಮಾರನೆಯ ದಿನ ಫೋನು ಮಾಡಿ, “ಬ್ಯಾಂಕಿನ ಸಾಲ ಇಲ್ಲ. ಕೈಯಲ್ಲಿ ದುಡ್ಡಿದೆ. ಒಂದು ವರ್ಷ ವ್ಯಾಪಾರ ಕಮ್ಮಿಯಾದ್ರೂ ಬೀಳಲ್ಲ,” ಎಂದಳು. ಜಾಹೇದಾ ಅಂಗಡಿಯ ಮುಂಭಾಗ ಕಟ್ಟಿಸಲು ಬೇಕಾದ ತೊಂಬತ್ತು ಸಾವಿರವನ್ನು ಪಕ್ಕಕ್ಕಿಟ್ಟಳು. ಉಳಿದದ್ದಕ್ಕೆ ನೂರ ನಲವತ್ತೆಂಟರಂತೆ ಒಂದು ಸಾವಿರ ಷೇರು ಕೊಂಡರು. ಅಸಲಿ ನಕಲಿ ಎರಡೂ ತುಂಡುಗಳ ಫೋಟೋ ತೆಗೆದು ಕಂಪನಿಗೂ ಇಮೇಲು ಕಳಿಸಿದರು. ‘ನಿಮ್ಮ ಸಂದೇಶ ತಲುಪಿದೆ, ಧನ್ಯವಾದ’ ಎಂದು ಕಂಪ್ಯೂಟರೇ ಬರೆದ ಒಂದು ಉತ್ತರ ಬಂತು, ಅಷ್ಟೇ.

ಕೊಂಡ ಮೇಲೆ ಷೇರು ಏರಲಿಲ್ಲ. ನೂರಮೂವತ್ತಾಯಿತು, ನೂರಹತ್ತಾಯಿತು, ದಸರಾ ಹೊತ್ತಿಗೆ ತೊಂಬತ್ತೇಳಕ್ಕೆ ಬಂತು. ಫಿಜಾಳ ಅಪ್ಪ, ಜಾಹೇದಾಳ ತಮ್ಮ ಖಲಂದರ್, ಬಸ್‌ಸ್ಟ್ಯಾಂಡಿನಲ್ಲಿ ಹಣ್ಣಿನ ಅಂಗಡಿ ಇಟ್ಟವನು. ಅವನಿಗೆ ಸುದ್ದಿ ತಿಳಿದು ಅಂಗಡಿಗೇ ಬಂದ.

“ಆಪಾ, ಬೀರೂರು ರಸ್ತೇಲಿ ಸೈಟು ತೋರಿಸ್ದೆ, ಬೇಡ ಅಂದ್ರಿ. ಈಗ ಗಾಳೀಲಿ ದುಡ್ಡು ಹಾಕಿ ಕೂತಿದೀರಿ. ಈ ಹುಡುಗಿ ಮಾತು ಕೇಳಿ ಮನೆ ಹಾಳು ಮಾಡ್ಕೊಂಡ್ರಿ.”

“ಅವಳ ಮಾತು ನಾನು ಕೇಳ್ಲಿಲ್ಲ ಕಣೋ. ಅವಳೇ ಬೇಡ ಅಂದ್ಲು. ತಪ್ಪಾದ್ರೆ ನಂದು,” ಎಂದಳು ಜಾಹೇದಾ. “ಫಿಜಾನ ಬೈಬೇಡ.”

ಅವಳಿಗೆ ಭಯವಿರಲಿಲ್ಲ ಎಂದಲ್ಲ. ಆ ತಿಂಗಳುಗಳಲ್ಲಿ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಆದರೆ ಅಂಗಡಿಗೆ ಹೊಸ ಮಿಷನ್ನು ಬಂದಾಗಲೆಲ್ಲ ಬಿಚ್ಚಿ ನೋಡುತ್ತಿದ್ದಳು. ಅಸಲಿ ತುಂಡಿದ್ದಲ್ಲಿ ತೂಕ ಸರಿಯಿರುತ್ತಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಅವಳಿಗೆ ಇನ್ನೆಲ್ಲಿಯೂ ಸಿಗುವಂತಿರಲಿಲ್ಲ. ಮಾರಲಿಲ್ಲ. ಮೊಬೈಲಿನಲ್ಲಿ ರೇಟು ನೋಡುವುದನ್ನೂ ಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ, ನಕಲಿ ತುಂಡು ಮಾಡುತ್ತಿದ್ದ ಗೋದಾಮೊಂದು ಉತ್ತರದ ಕಡೆ ಎಲ್ಲೋ ಸಿಕ್ಕಿಬಿತ್ತು. ಕಂಪನಿ ಪೇಪರಿನಲ್ಲಿ ಜಾಹೀರಾತು ಕೊಟ್ಟು ಅಸಲಿ ನಕಲಿ ಗುರುತಿಸುವುದು ಹೇಗೆಂದು ತಿಳಿಸಿತು. ಲೋಹಕ್ಕೆ ಕೊರೆದ ನಂಬರು, ಮೆತ್ತಗಿನ ಅಂಟು — ಜಾಹೇದಾ ಮೆಟ್ಟಿಲ ಮೇಲೆ ಕೂತು ಹೇಳಿದ್ದೇ ಅದರಲ್ಲಿತ್ತು. ಫಿಜಾ ಆ ಪೇಪರನ್ನು ಮಡಚಿ ಅಪ್ಪನ ಹಣ್ಣಿನ ಬುಟ್ಟಿಯ ಮೇಲಿಟ್ಟು ಆಫೀಸಿಗೆ ಹೋದಳು. ನಿಂತ ಆರ್ಡರುಗಳು ತಿರುಗಿ ಬಂದವು. ಷೇರು ನಿಧಾನವಾಗಿ ನೂರೈವತ್ತು, ಇನ್ನೂರು ದಾಟಿತು; ಎರಡು ವರ್ಷ ತುಂಬುವ ಹೊತ್ತಿಗೆ ನಾನೂರ ಅರವತ್ತಾಗಿತ್ತು. ಜಾಹೇದಾ ಮುನ್ನೂರು ಷೇರು ಮಾರಿ, ಬೊಟ್ಟುಗಳನ್ನು ಸಾಗಿಸಲು ಒಂದು ಹಳೆಯ ಗೂಡ್ಸ್ ಆಟೋ ಕೊಂಡಳು. ಉಳಿದದ್ದನ್ನು ಮುಟ್ಟಲಿಲ್ಲ.

ಆ ವರ್ಷವೇ ಫಿಜಾ ಇನ್ನೊಂದು ವಿಷಯ ಹೇಳಿದಳು. ವರ್ಷಕ್ಕೊಮ್ಮೆ ಕಂಪನಿಯ ಪಾಲುದಾರರ ಸಭೆ ನಡೆಯುತ್ತದೆ, ಈಗೆಲ್ಲ ವಿಡಿಯೋದಲ್ಲೇ. ಮೊದಲೇ ಹೆಸರು ಕೊಟ್ಟರೆ ಮಾತಾಡಲೂಬಹುದು. “ಕೊಡು,” ಎಂದಳು ಜಾಹೇದಾ.

ಸಭೆಯ ದಿನ ಅಂಗಡಿಯ ಬೆಂಚಿನ ಮೇಲೆ ಮೊಬೈಲನ್ನು ಐದು ಕೆಜಿಯ ಬೊಟ್ಟಿಗೆ ಒರಗಿಸಿ ನಿಲ್ಲಿಸಿದರು. ಜಾಹೇದಾ ಇಸ್ತ್ರಿ ಮಾಡಿದ ದುಪ್ಪಟ್ಟಾ ಹೊದ್ದು ಕೂತಳು. ಮುಂಬಯಿ, ಕೋಲ್ಕತ್ತಾ ಎಲ್ಲೆಲ್ಲಿಯವರೋ ಇಂಗ್ಲಿಷಿನಲ್ಲಿ ಮಾತಾಡಿದರು. ಡಿವಿಡೆಂಡು ಜಾಸ್ತಿ ಮಾಡಿ ಎಂದರು, ಅಧ್ಯಕ್ಷರನ್ನು ಹೊಗಳಿದರು. ಆಮೇಲೆ ಅವಳ ಹೆಸರು ಕೂಗಿದರು.

“ನಂಗೆ ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಹೇಳ್ಲಾ?” ಎಂದಳು.

ಕಂಪನಿಯ ಅಧಿಕಾರಿ ಕೃತಿಕಾ ಎಂಬ ಹೆಣ್ಣುಮಗಳು, “ಹೇಳಿ ಮೇಡಂ, ನಾನು ಅವರಿಗೆ ತಿಳಿಸ್ತೀನಿ,” ಎಂದಳು.

“ನಾನು ಅಜ್ಜಂಪುರದಲ್ಲಿ ತೂಕದ ಮಿಷನ್ ರಿಪೇರಿ ಮಾಡ್ತೀನಿ. ನಿಮ್ ತುಂಡು ಇರೋ ಮಿಷನ್ನು ಎಂಟುನೂರರ ಹತ್ರ ಬಿಚ್ಚಿದೀನಿ. ಸತ್ತಿರೋದು ಹನ್ನೊಂದು. ಹನ್ನೊಂದೂ ನನ್ ಹತ್ರ ಇವೆ, ಬೇಕಾದ್ರೆ ಕಳಿಸ್ತೀನಿ. ಎಲ್ಲಾರೂ ಮಾರ್ತಿದ್ದಾಗ ನಾನು ಸಾವಿರ ಷೇರು ತಗೊಂಡೆ. ಯಾರೋ ಹೇಳಿದ್ರು ಅಂತಲ್ಲ. ಬೊಟ್ಟು ಹೊತ್ಕೊಂಡು ಊರೂರು ತಿರುಗಿ, ತೂಗಿ ನೋಡಿ ತಗೊಂಡೆ.”

ಕೃತಿಕಾ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ, ಅದುವರೆಗೆ ಮುಂದಿದ್ದ ಕಾಗದ ನೋಡುತ್ತಿದ್ದ ಅಧ್ಯಕ್ಷರು ತಲೆಯೆತ್ತಿದರು. ಅವರೇನೋ ಕೇಳಿದರು.

“ನಮ್ಮಲ್ಲಿ ಏನಾದ್ರೂ ಸರಿ ಹೋಗ್ಬೇಕಾ ಅಂತ ಕೇಳ್ತಿದಾರೆ,” ಎಂದಳು ಕೃತಿಕಾ.

“ಎರಡು ಇದೆ. ವೈರು ಹೊರಗೆ ಬರೋ ತೂತು ದೊಡ್ಡದಾಯ್ತು, ಜಿರಲೆ ಒಳಗೆ ಹೋಗ್ತವೆ. ಅಲ್ಲೊಂದು ರಬ್ಬರು ಹಾಕಿ. ಇನ್ನೊಂದು, ನಕಲಿ ಮಾಲಿನ ಫೋಟೋ ನಾವು ಎರಡು ವರ್ಷದ ಹಿಂದೇನೇ ಕಳ್ಸಿದ್ವಿ. ಯಾರೂ ನೋಡ್ಲಿಲ್ಲ. ರಿಪೇರಿ ಮಾಡೋರು ಕಾಗ್ದ ಬರೆದ್ರೆ ದಯವಿಟ್ಟು ಓದಿ.”

ಅಧ್ಯಕ್ಷರು ಕ್ಷಮೆ ಕೇಳಿದರು. ಅವಳ ಫೋನು ನಂಬರು ಬರೆದುಕೊಳ್ಳಿ ಎಂದು ಪಕ್ಕದವರಿಗೆ ಹೇಳಿದ್ದು ಅಜ್ಜಂಪುರಕ್ಕೂ ಕೇಳಿಸಿತು. ಫಿಜಾ ಬೆಂಚಿನ ಆಚೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಗಡಿಯ ಬಾಗಿಲಲ್ಲಿ ಪಂಚಾಕ್ಷರಪ್ಪ ಯಾವಾಗಲೋ ಬಂದು ನಿಂತಿದ್ದ. ಕೈಯಲ್ಲಿ ಮಿಷನ್ನಿತ್ತು. ಮಾತು ಮುಗಿಯುವವರೆಗೂ ಅವನು ಅದನ್ನು ಕೆಳಗಿಡಲಿಲ್ಲ.

“ಕನ್ನಡದಲ್ಲೇ ಹೇಳಿದ್ರಲ್ಲಮ್ಮ,” ಎಂದ ಕೊನೆಗೆ.

“ನಂಗೆ ಬರೋದು ಅದೇ ಅಲ್ವಾ ಸಾವ್ಕಾರ್ರೇ. ಕೂತ್ಕೊಳಿ, ಏನಾಗಿದೆ ನೋಡ್ತೀನಿ.”

ಸುದ್ದಿ ಹಬ್ಬಲು ತಡವಾಗಲಿಲ್ಲ. ಡಿಸೆಂಬರಿನಲ್ಲಿ ಬೀರೂರಿನ ಒಂದು ಮದುವೆಗೆ ಹೋದಾಗ, ಖಲಂದರ್ ಗಂಡಸರ ಸಾಲಿನಿಂದ ಎದ್ದುಬಂದು ಇಬ್ಬರು ನೆಂಟರನ್ನು ಅಕ್ಕನ ಮುಂದೆ ನಿಲ್ಲಿಸಿದ. “ಇವ್ರೇ ನಮ್ಮ ಆಪಾ. ಕಂಪ್ನಿ ಅಧ್ಯಕ್ಷರಿಗೇ ಬುದ್ಧಿ ಹೇಳಿದವ್ರು,” ಎಂದ. ಗಾಳಿಯಲ್ಲಿ ದುಡ್ಡು ಹಾಕಿದಿರಿ ಎಂದಿದ್ದು ಅವನಿಗೆ ನೆನಪಿದ್ದಂತಿರಲಿಲ್ಲ. ಜಾಹೇದಾಳೂ ನೆನಪಿಸಲಿಲ್ಲ.

ನೆಂಟರಲ್ಲಿ ಒಬ್ಬ ಸ್ವಲ್ಪ ಬಗ್ಗಿ, “ಈಗ ಯಾವ ಷೇರು ತಗೋಬೋದು ಹೇಳಿ ಆಪಾ,” ಎಂದು ಮೆಲ್ಲಗೆ ಕೇಳಿದ.

“ನೀವು ಏನ್ ಕೆಲ್ಸ ಮಾಡ್ತೀರಿ?”

“ಬೋರ್‌ವೆಲ್ ಮೋಟರು ರಿಪೇರಿ.”

“ಹಾಗಾದ್ರೆ ಮೋಟರಿನ ವಿಷ್ಯ ನೀವೇ ನಂಗೆ ಹೇಳ್ಬೇಕು,” ಎಂದಳು ಜಾಹೇದಾ. “ಯಾವ ಕಂಪ್ನಿ ಮೋಟರು ನಿಮ್ ಹತ್ರ ರಿಪೇರಿಗೇ ಬರಲ್ಲ?”

ಅವನು ಯೋಚಿಸತೊಡಗಿದ. ಅಷ್ಟರಲ್ಲಿ ಹೆಂಗಸರ ಪಂಕ್ತಿಗೆ ಬಿರಿಯಾನಿ ಬಂತೆಂದು ಫಿಜಾ ಕರೆದಳು. ಜಾಹೇದಾ, “ಯೋಚ್ನೆ ಮಾಡಿಟ್ಟಿರಿ, ಊಟ ಮಾಡ್ಕೊಂಡ್ ಬತ್ತೀನಿ,” ಎಂದು ಎದ್ದು ಹೋದಳು.